ಮೂವತ್ತಕ್ಕೇ ಇಡ್ತೀನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಸಲ ರಜೆಗೆ ಊರಿಗೆ ಹೋಗಿದ್ದಾಗ ಅಜ್ಜಿ ಕೇಳಿದಳು, "ಅದೇನೋ ಹೊಸ ಪಾಠ ಅಂತಿದ್ದೆಯಲ್ಲ ಮಗಾ, ಏನದು?" "ಡಿಸೈನ್ ಥಿಂಕಿಂಗ್ ಅಜ್ಜಿ" ಅಂದೆ. "ಸೀರೆ ಅಂಚಿನ ಡಿಸೈನಾ?" ಅಂದಳು. ಬಳಸುವವರ ಕಷ್ಟವನ್ನು ಮೊದಲು ಅವರಿಂದಲೇ ತಿಳಿದು, ಆಮೇಲೆ ಅದಕ್ಕೆ ತಕ್ಕ ವಸ್ತು ಮಾಡಿ, ಅವರ ಕೈಗೇ ಕೊಟ್ಟು ನೋಡಿ ತಿದ್ದುವ ವಿಧಾನ ಅದು. ಆದರೆ ಎಂಜಿನಿಯರಿಂಗ್ ಕೊನೆ ವರ್ಷದಲ್ಲಿರುವ ನನಗೆ ಅದನ್ನು ಅಜ್ಜಿಗೆ ಹೇಳುವ ಬಗೆ ಥಟ್ಟನೆ ಹೊಳೆಯಲಿಲ್ಲ. ಒಂದು ಕಥೆ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

2007ನೇ ಇಸವಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತರಗತಿ. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಗೆ ಆಗ ಸುಮಾರು 20,000 ಡಾಲರ್. ಅದರ ನೂರರಲ್ಲೊಂದು ಪಾಲು ಖರ್ಚಿನಲ್ಲಿ ಅಂಥದ್ದನ್ನು ಮಾಡಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ನಾನಾಗಿದ್ದರೆ ಪೆಟ್ಟಿಗೆ ಬಿಚ್ಚಿಟ್ಟುಕೊಂಡು, ಯಾವ ಭಾಗ ಅಗ್ಗ ಮಾಡಬಹುದು ಅಂತ ಲೆಕ್ಕ ಹಾಕುತ್ತ ಕೂರುತ್ತಿದ್ದೆ. ಆ ತಂಡದವರೊಬ್ಬರು ನೇಪಾಳಕ್ಕೆ ಹೋದರು. ಅಲ್ಲಿನ ಆಸ್ಪತ್ರೆಯಲ್ಲಿ ದಾನ ಬಂದ ಇನ್‌ಕ್ಯುಬೇಟರುಗಳು ಖಾಲಿ ಬಿದ್ದಿದ್ದವು. ಕೂಸುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಮನೆಗಳಲ್ಲಿ. ಅಗ್ಗದ ಪೆಟ್ಟಿಗೆ ತಂದಿಟ್ಟರೂ ಅದೂ ಅಲ್ಲೇ ಖಾಲಿ ಕೂತಿರುತ್ತಿತ್ತು.

ಕೊನೆಗೆ ಅವರು ಮಾಡಿದ್ದು ಕೂಸನ್ನು ಸುತ್ತಿ ಮಲಗಿಸುವ ಪುಟ್ಟ ಚೀಲ. ಅದರೊಳಗೆ ಮೇಣದಂಥ ವಸ್ತು ತುಂಬಿದ ಒಂದು ಪೊಟ್ಟಣ. ಒಮ್ಮೆ ಕಾಯಿಸಿ ಕರಗಿಸಿದರೆ ಸಾಕು, ಮತ್ತೆ ಗಟ್ಟಿಯಾಗುತ್ತ ಆಗುತ್ತ 37 ಡಿಗ್ರಿ ಆಸುಪಾಸಿನ ಬಿಸಿಯನ್ನು ಗಂಟೆಗಟ್ಟಲೆ ಬಿಡುತ್ತಿರುತ್ತದೆ. ಅಷ್ಟು ಹೊತ್ತು ಕರೆಂಟು ಬೇಡ. ಹೆಸರು ಎಂಬ್ರೇಸ್. ಆ ತಂಡ ಮುಂದೆ ನಮ್ಮ ಬೆಂಗಳೂರಿಗೇ ಬಂದು ಕೆಲಸ ಮಾಡಿತು.

ನನಗೆ ತುಂಬ ಹಿಡಿಸಿದ ಸಂಗತಿ ಆಮೇಲಿನದು. ಮಹಾರಾಷ್ಟ್ರದ ಒಂದು ಹಳ್ಳಿಯಲ್ಲಿ ಚೀಲ ತೋರಿಸಿ, 37 ಡಿಗ್ರಿವರೆಗೆ ಕಾಯಿಸಬೇಕು ಅಂದರಂತೆ. ತಾಯಿಯೊಬ್ಬಳು, ನಾನು ಮೂವತ್ತಕ್ಕೇ ನಿಲ್ಲಿಸುತ್ತೇನೆ ಅಂದಳು. ಇಂಗ್ಲಿಷ್ ಔಷಧಿ ಬಲು ಜೋರು, ಡಾಕ್ಟರು ಒಂದು ಚಮಚ ಅಂದರೆ ಅರ್ಧ ಕುಡಿಸುವುದೇ ಕ್ಷೇಮ ಅಂತ ಅವಳ ಲೆಕ್ಕ. ತಂಡದವರು ಅಂಕಿಯನ್ನೇ ಕಿತ್ತುಹಾಕಿ, ಬಿಸಿ ಸಾಕಾಯಿತು ಅಂತ ತೋರಿಸುವ 'ಓಕೆ' ಗುರುತು ಇಟ್ಟರು.

ಇಷ್ಟು ಕೇಳಿ ಅಜ್ಜಿ ನಕ್ಕಳು. "ಸರಿಯಾಗೇ ಹೇಳವ್ಳೆ ಬಿಡು. ನಾನೂ ಬಿ.ಪಿ. ಮಾತ್ರೆ ಅರ್ಧನೇ ನುಂಗೋದು."

ನಾನು ಬೆಚ್ಚಿದೆ. ನಮ್ಮ ಪ್ರಾಜೆಕ್ಟು ಏನು ಗೊತ್ತೇ? ವಯಸ್ಸಾದವರಿಗೆ ಮಾತ್ರೆಯ ಹೊತ್ತು ನೆನಪಿಸುವ ಆ್ಯಪ್. ಹಾಸ್ಟೆಲ್ ಗೋಡೆ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿ ಮೂರು ತಿಂಗಳು ಚರ್ಚೆ ಮಾಡಿದ್ದೆವು. ಆ ಚೀಟಿ ಅಂಟಿಸುವುದರಲ್ಲಿ ಒಂದು ಮಜಾ ಇದೆ, ಸುಳ್ಳು ಯಾಕೆ ಹೇಳಲಿ. ಅವುಗಳಲ್ಲಿ ಒಂದರ ಮೇಲೂ "ಅರ್ಧ" ಅನ್ನುವ ಪದ ಇರಲಿಲ್ಲ. ಹಿರಿಯರು ಮರೆಯುತ್ತಾರೆ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೆವು. ಅಜ್ಜಿ ಒಂದು ದಿನವೂ ಮರೆತವಳಲ್ಲ.

"ಯಾಕಜ್ಜಿ ಅರ್ಧ?"

"ಉಷ್ಣ ಮಗಾ."

ಎದ್ದು ಹೋಗಿ ಎಲೆಯಡಿಕೆ ಚೀಲ ತಂದಳು. ಸುಣ್ಣದ ಡಬ್ಬಿ ಪಕ್ಕದಲ್ಲಿ ಕಾಗದದ ಪೊಟ್ಟಣ. ಬಿಚ್ಚಿದರೆ, ಅಡಕತ್ತರಿಯಲ್ಲಿ ಕತ್ತರಿಸಿದ ಅರ್ಧ ಮಾತ್ರೆಗಳು. ಎಣಿಸಿದೆ, ಹದಿನೇಳು ಇದ್ದವು. ಮಾರನೆಯ ಬೆಳಿಗ್ಗೆ ಆ ಪೊಟ್ಟಣವನ್ನೂ ಅಜ್ಜಿಯನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ.