ಉಗಾಂಡಾನಾ ಪ್ಯಾಲೆಸ್ತೀನಾ: ಯಹೂದಿಗಳ ಜಗಳ, ಕ್ರೈಸ್ತರ ನಂಬಿಕೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತನ್ನ ಕಾಶಿಯಲ್ಲಿ ಹುಟ್ಟಿದ ಒಬ್ಬ ಪಾದ್ರಿಯಿಂದ ಶುರು ಮಾಡ್ತೀನಿ. ವಿಲಿಯಂ ಹೆಕ್ಲರ್ ಅಂತ, 1845ರಲ್ಲಿ ಬನಾರಸ್ಸಲ್ಲಿ ಹುಟ್ಟಿದ್ದು, ಅಪ್ಪ ಜರ್ಮನಿ ಕಡೆಯ ಮಿಷನರಿ. ಮಗ ಮುಂದೆ ವಿಯೆನ್ನಾದಲ್ಲಿ ಬ್ರಿಟಿಷ್ ಎಂಬಸಿಯ ಪಾದ್ರಿ ಆದ್ರು. 1896ರ ಮಾರ್ಚ್‌ನಲ್ಲಿ ಥಿಯೋಡರ್ ಹರ್ಜ್ಲ್ ಅನ್ನೋ ಯಹೂದಿ ಪತ್ರಕರ್ತ ಇವರ ಮನೆಗೆ ಬರ್ತಾರೆ, ಯಹೂದಿಗಳಿಗೆ ಒಂದು ಸ್ವಂತ ರಾಜ್ಯ ಬೇಕು ಅಂತ ಹರ್ಜ್ಲ್ ಬರೆದಿದ್ದ ಸಣ್ಣ ಪುಸ್ತಕ ಅಚ್ಚಾಗಿ ಆಗ ಒಂದು ತಿಂಗಳಾಗಿತ್ತು ಅಷ್ಟೇ. ಆ ಮನೆಯಲ್ಲಿ ಏನು ಕಂಡ್ರು ಅಂತ ಹರ್ಜ್ಲ್ ತಮ್ಮ ಡೈರಿಯಲ್ಲಿ ಬರೆದಿಟ್ಟಿದ್ದಾರೆ, ನೆಲದಿಂದ ಸೂರಿನ ತನಕ ಬರೀ ಬೈಬಲ್‌ಗಳು, ನಾಲ್ಕು ಹಾಳೆ ಜೋಡಿಸಿದ್ರೆ ಇಡೀ ಕೋಣೆ ತುಂಬೋ ಪ್ಯಾಲೆಸ್ತೀನಿನ ಮಿಲಿಟರಿ ಮ್ಯಾಪು, ಅದರಲ್ಲಿ ಯಹೂದಿಗಳ ಹೊಸ ದೇವಾಲಯ ಎಲ್ಲಿ ಬರಬೇಕು ಅಂತ ಹೆಕ್ಲರ್ ಬೇತೇಲ್ ಅನ್ನೋ ಊರನ್ನ ತೋರಿಸಿದ್ರಂತೆ. ವರ್ಷವನ್ನೂ ಲೆಕ್ಕ ಹಾಕಿದ್ರು. ಖಲೀಫ ಉಮರ್ ಯೆರೂಸಲೇಮ್ ಗೆದ್ದ ಕಾಲಕ್ಕೆ 1260 ವರ್ಷ ಕೂಡಿಸಿದ್ರೆ 1897-98, ಆಗ ಯಹೂದಿಗಳು ವಾಪಸ್ ಹೋಗೋದು ಶುರು ಆಗ್ಬೇಕು ಅಂತ.

ಇದನ್ನ ಯಾಕೆ ಇಷ್ಟು ಬಿಡಿಸಿ ಹೇಳ್ತಿದೀನಿ ಅಂದ್ರೆ, ಪಾದ್ರಿಗೆ ಊರು, ಇಸವಿ ಎರಡೂ ಗೊತ್ತಿತ್ತು, ಹರ್ಜ್ಲ್‌ಗೆ ಇನ್ನೂ ದೇಶವೇ ಗಟ್ಟಿ ಆಗಿರ್ಲಿಲ್ಲ. ಅವರ ಪುಸ್ತಕದಲ್ಲಿ ಅರ್ಜೆಂಟೀನಾನಾ ಪ್ಯಾಲೆಸ್ತೀನಾ ಅಂತ ಎರಡನ್ನೂ ತೂಗಿ ನೋಡಿದ್ದಾರೆ. ಅದಕ್ಕೂ ಮುಂಚೆ 1882ರಲ್ಲಿ ಒಡೆಸ್ಸಾದ ಡಾಕ್ಟರ್ ಲಿಯಾನ್ ಪಿನ್ಸ್ಕರ್ ನಮಗೆ ಬೇಕಾಗಿರೋದು ಪವಿತ್ರ ಭೂಮಿ ಅಲ್ಲ, ನಮ್ಮದು ಅನ್ನೋ ಒಂದು ಭೂಮಿ ಅಂತಾನೇ ಬರೆದಿದ್ರು, ರಷ್ಯಾದಲ್ಲಿ ನಡೆದ ಹಿಂಸೆ ಕಣ್ಣಾರೆ ಕಂಡ ಮನುಷ್ಯ ಅವರು. ಆದ್ರೆ ಪ್ರಾಟೆಸ್ಟಂಟರಲ್ಲಿ ಅನೇಕರಿಗೆ ಯಹೂದಿಗಳು ಪ್ಯಾಲೆಸ್ತೀನಿಗೆ ಮರಳಿದ ಮೇಲೇನೇ ಕ್ರಿಸ್ತ ಎರಡನೇ ಸಲ ಬರೋದು ಅನ್ನೋ ನಂಬಿಕೆ ಇತ್ತು. 1840ರಲ್ಲೇ ಲಂಡನ್ನಿನ ಲಾರ್ಡ್ ಶಾಫ್ಟ್ಸ್‌ಬರಿ ಇದರ ಬಗ್ಗೆ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್ ಹತ್ರ ಮಾತಾಡಿದ್ರು, 1891ರಲ್ಲಿ ಅಮೆರಿಕದ ವಿಲಿಯಂ ಬ್ಲ್ಯಾಕ್‌ಸ್ಟೋನ್ 413 ಸಹಿ ಹಾಕಿಸಿ ಅಧ್ಯಕ್ಷರಿಗೆ ಮನವಿ ಕೊಟ್ರು, ಅದರಲ್ಲಿ ರಾಕ್‌ಫೆಲ್ಲರ್, ಜೆ.ಪಿ. ಮಾರ್ಗನ್ ಸಹಿ ಎಲ್ಲಾ ಇದೆ. ಹರ್ಜ್ಲ್ ಮೊದಲ ಜಿಯೋನಿಸ್ಟ್ ಕಾಂಗ್ರೆಸ್, ಅಂದ್ರೆ ಯಹೂದಿಗಳಿಗೆ ಸ್ವಂತ ನಾಡು ಬೇಕು ಅನ್ನೋರ ಮಹಾಸಭೆ, ಕರೆಯೋಕೆ ಇನ್ನೂ ಆರು ವರ್ಷ ಇತ್ತು.

ಆ ಮೊದಲ ಕಾಂಗ್ರೆಸ್ 1897ರಲ್ಲಿ ಮ್ಯೂನಿಕ್‌ನಲ್ಲಿ ಆಗ್ಬೇಕಿತ್ತು, ಅಲ್ಲಿನ ಯಹೂದಿಗಳೇ ಬೇಡ ಅಂದ್ರು, ನಾವು ಜರ್ಮನ್ನರು, ಇಲ್ಲೇ ಬದುಕೋರು ಅಂತ. ಹಾಗಾಗಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಯ್ತು. ಸಂಪ್ರದಾಯಸ್ಥ ರಬ್ಬಿಗಳಲ್ಲಿ, ಅಂದ್ರೆ ಯಹೂದಿ ಧರ್ಮಗುರುಗಳಲ್ಲಿ, ಬಹಳ ಜನ ದೇವರು ಕಳಿಸೋ ರಕ್ಷಕ ಮೆಸ್ಸೀಯ ಬರೋ ತನಕ ಕಾಯ್ಬೇಕು, ನಾವೇ ಹೊರಟು ಹೋಗೋದು ದೇವರ ಕೆಲಸಕ್ಕೆ ಕೈ ಹಾಕಿದ ಹಾಗೆ ಅಂತಿದ್ರು. ಅಹಾದ್ ಹಾಆಮ್ ಅನ್ನೋ ಲೇಖಕರದ್ದು ಇನ್ನೊಂದು ದಾರಿ. 1891ರಲ್ಲಿ ಪ್ಯಾಲೆಸ್ತೀನ್ ನೋಡಿ ಬಂದು, ಅದು ಖಾಲಿ ಬಿದ್ದಿರೋ ದೇಶ ಅಲ್ಲ, ಉಳುಮೆ ಆಗದ ಒಳ್ಳೇ ಜಮೀನು ಸಿಗೋದೇ ಕಷ್ಟ ಅಂತ ಬರೆದ್ರು. ಈ ಇಡೀ ಚರ್ಚೆಯಲ್ಲಿ ನನಗೆ ತುಂಬಾ ಗೌರವ ಹುಟ್ಟಿಸೋ ಮಾತು ಅದು.

ಈಗ 1903ಕ್ಕೆ ಬರೋಣ. ಏಪ್ರಿಲ್‌ನಲ್ಲಿ ಆಗಿನ ರಷ್ಯಾ ಸಾಮ್ರಾಜ್ಯದ ಕಿಶಿನೆವ್ ಅನ್ನೋ ಊರಲ್ಲಿ ಈಸ್ಟರ್ ಹಬ್ಬದ ಟೈಮಲ್ಲೇ 49 ಯಹೂದಿಗಳನ್ನ ಕೊಂದ್ರು. ಬ್ರಿಟಿಷ್ ಮಂತ್ರಿ ಜೋಸೆಫ್ ಚೇಂಬರ್ಲೇನ್ ಪೂರ್ವ ಆಫ್ರಿಕಾದಲ್ಲಿ ಜಾಗ ಕೊಡೋ ಮಾತೆತ್ತಿದ್ರು, ಎಲ್ಲರೂ ಉಗಾಂಡಾ ಅಂತಾರೆ, ನಿಜವಾಗಿ ಅದು ಈಗಿನ ಕೀನ್ಯಾದ ಉವಾಸಿನ್ ಗಿಶು ಪ್ರಸ್ಥಭೂಮಿ. ಆಗಸ್ಟಲ್ಲಿ ಬಾಸೆಲ್‌ನಲ್ಲಿ ಆರನೇ ಕಾಂಗ್ರೆಸ್. ವೇದಿಕೆ ಹಿಂದೆ ಯಾವಾಗ್ಲೂ ಪ್ಯಾಲೆಸ್ತೀನ್ ಮ್ಯಾಪ್ ಇರ್ತಿತ್ತು, ಆ ಸಲ ಆಫ್ರಿಕಾ ಮ್ಯಾಪ್. ಹರ್ಜ್ಲ್ ಜೊತೆಗಾರ ಮ್ಯಾಕ್ಸ್ ನೋರ್ಡೌ ಇದು ಬರೀ ರಾತ್ರಿ ಕಳೆಯೋಕೆ ಒಂದು ತಂಗುದಾಣ ಅಂತ ಸಮಾಧಾನ ಹೇಳಿದ್ರು. ವೋಟಿಗೆ ಹಾಕಿದ್ದು ಜಾಗ ನೋಡೋಕೆ ಒಂದು ತಂಡ ಕಳಿಸೋಣ್ವಾ ಅಂತ ಮಾತ್ರ, 295 ಜನ ಹೌದು ಅಂದ್ರು, 170ಕ್ಕಿಂತ ಜಾಸ್ತಿ ಜನ ಬೇಡ ಅಂದ್ರು, ಹತ್ತಿರತ್ತಿರ ನೂರು ಜನ ಯಾವ ಕಡೆನೂ ಇಲ್ಲ. ಗೆದ್ದಿದ್ದು ಹರ್ಜ್ಲ್, ಆದ್ರೆ ರಷ್ಯಾದ ಪ್ರತಿನಿಧಿಗಳು ಎದ್ದು ಹೊರಗೆ ಹೋಗಿ ನೆಲದ ಮೇಲೆ ಕೂತು ಅತ್ರು, ಹಿಂದೆ ಯೆರೂಸಲೇಮಿನ ದೇವಾಲಯ ಬಿದ್ದ ದಿನ ಯಹೂದಿಗಳು ಶೋಕ ಮಾಡೋ ಹಾಗೆ.

ಯಾರು ಯಾವ ಕಡೆ ಇದ್ರು ಅನ್ನೋದು ಕೇಳಿದ್ರೆ ನಿಮಗೂ ಆಶ್ಚರ್ಯ ಆಗುತ್ತೆ. ಕಿಶಿನೆವ್‌ನಿಂದ ಬಂದೋರೇ ಆಫ್ರಿಕಾ ಬೇಡ ಅಂದ್ರು, ಊರಲ್ಲಿ ಹೆಣ ಎತ್ತಿ ಬಂದೋರು. ಧಾರ್ಮಿಕ ಪಕ್ಷವಾದ ಮಿಜ್ರಾಹಿಯವರಲ್ಲಿ ಹೆಚ್ಚಿನೋರು ಆಯ್ತು ಅಂದ್ರು, ಜೀವ ಉಳಿಸೋದು ಮೊದಲು, ಭೂಮಿ ಆಮೇಲೆ ಅಂತ. ಹೀಬ್ರೂ ಭಾಷೆಗೆ ಜೀವ ಕೊಟ್ಟ ಬೆನ್ ಯೆಹೂದಾ ಕೂಡ ಆಫ್ರಿಕಾ ಪರ. ದೇವರನ್ನ ನಂಬದ ರಷ್ಯನ್ ಯುವಕರೇ ಸಿಯೋನ್, ಅಂದ್ರೆ ಯೆರೂಸಲೇಮಿನ ನಾಡು, ಬಿಟ್ಟು ಬೇರೆ ಇಲ್ಲ ಅಂದ್ರು. ಧರ್ಮ ಒಂದು ಕಡೆ ರಾಜಕೀಯ ಒಂದು ಕಡೆ ಅಂತ ಗೆರೆ ಎಳೆದು ಈ ಜಗಳನ ಅರ್ಥ ಮಾಡ್ಕೊಳ್ಳೋಕೆ ಆಗಲ್ಲ. ಕೊನೆಯ ದಿನ ಹರ್ಜ್ಲ್ ಬಲಗೈ ಎತ್ತಿ, ಯೆರೂಸಲೇಮೇ ನಿನ್ನ ಮರೆತ್ರೆ ಅನ್ನೋ ಕೀರ್ತನೆಯ ಸಾಲನ್ನ ಹೀಬ್ರೂನಲ್ಲೇ ಹೇಳಬೇಕಾಯ್ತು.

1904ರ ಜನವರಿಯಲ್ಲಿ ಅವರು ಪೋಪ್ ಹತ್ತನೇ ಪಿಯಸ್‌ರನ್ನ ನೋಡೋಕೆ ರೋಮ್‌ಗೆ ಹೋದ್ರು. ಪೋಪ್ ನಾನ್ ಪೊಸ್ಸುಮಸ್ ಅಂದ್ರು, ಆಗೋದಿಲ್ಲ ಅಂತ. ಯಹೂದಿಗಳು ನಮ್ಮ ಕರ್ತನನ್ನ ಒಪ್ಪಲಿಲ್ಲ, ಹಾಗಾಗಿ ನಾವು ಯಹೂದಿ ಜನಾಂಗವನ್ನ ಒಪ್ಪೋಕೆ ಆಗಲ್ಲ, ನೀವು ಅಲ್ಲಿಗೆ ಹೋಗಿ ನೆಲೆಸಿದ್ರೆ ನಿಮಗೆಲ್ಲಾ ದೀಕ್ಷಾಸ್ನಾನ ಕೊಡೋಕೆ ನಮ್ಮ ಚರ್ಚು ಪಾದ್ರಿಗಳು ರೆಡಿ ಇರ್ತಾರೆ ಅಂದ್ರಂತೆ. ಹೆಕ್ಲರ್ ಒಪ್ಪಿದ್ರು, ಪೋಪ್ ಒಪ್ಪಲಿಲ್ಲ, ಆದ್ರೆ ಇಬ್ಬರೂ ಮಾತಾಡಿದ್ದು ಅವರವರ ಶಾಸ್ತ್ರದಲ್ಲಿ ಯಹೂದಿಗಳಿಗೆ ಯಾವ ಜಾಗ ಇದೆ ಅನ್ನೋದನ್ನ. ಕಿಶಿನೆವ್‌ನಿಂದ ಓಡಿ ಬಂದ ಕುಟುಂಬ ಈ ಚಳಿಗಾಲದಲ್ಲಿ ಎಲ್ಲಿ ಮಲಗ್ಬೇಕು ಅನ್ನೋದನ್ನ ಅಲ್ಲ. ಹಾಗಂತ ಹೆಕ್ಲರ್ ಪ್ರೀತಿ ಸುಳ್ಳು ಅಂತ ನಾನು ಹೇಳಲ್ಲ, ಅದೇ ವರ್ಷ ಜುಲೈನಲ್ಲಿ ಹರ್ಜ್ಲ್ ಸಾಯೋ ಮುಂಚೆ ಹೋಗಿ ನೋಡಿ ಬಂದೋರಲ್ಲಿ ಅವರೂ ಒಬ್ಬರು. 1905ರಲ್ಲಿ ಏಳನೇ ಕಾಂಗ್ರೆಸ್ ಆಫ್ರಿಕಾ ಯೋಜನೆಯನ್ನ ಕೈಬಿಡ್ತು, ಲೇಖಕ ಇಸ್ರೇಲ್ ಜಾಂಗ್ವಿಲ್ ಮುನಿಸ್ಕೊಂಡು ಬೇರೆ ಸಂಘ ಕಟ್ಟಿದ್ರು.

ಇನ್ನು 1917. ಪ್ಯಾಲೆಸ್ತೀನಿನಲ್ಲಿ ಯಹೂದಿಗಳಿಗೆ ನೆಲೆ ಆಗೋಕೆ ನಮ್ಮ ಬೆಂಬಲ ಇದೆ ಅಂತ ಬ್ರಿಟನ್ ಹೊರಡಿಸಿದ ಬಾಲ್ಫರ್ ಘೋಷಣೆಯನ್ನ ಬ್ರಿಟಿಷ್ ಮಂತ್ರಿಮಂಡಲದ ಒಳಗೇ ಜೋರಾಗಿ ವಿರೋಧಿಸಿದ್ದು ಅದರಲ್ಲಿದ್ದ ಯಹೂದಿ ಮಂತ್ರಿ ಎಡ್ವಿನ್ ಮಾಂಟೆಗು, ನಮ್ಮ ಪಾಠದಲ್ಲಿ ಬರೋ ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಯ ಅದೇ ಮಾಂಟೆಗು. ಪ್ಯಾಲೆಸ್ತೀನ್ ಯಹೂದಿಗಳ ದೇಶ ಅಂತ ಆದ ದಿನ ಲಂಡನ್ನಲ್ಲಿ ನಾನು ಪರದೇಶಿ ಆಗ್ತೀನಿ ಅನ್ನೋದು ಅವರ ಸಂಕಟ. ನವೆಂಬರ್ 2ಕ್ಕೆ ಘೋಷಣೆ ಹೊರಟಾಗ ಅವರು ಭಾರತದ ದಾರಿಯಲ್ಲಿದ್ರು. ಬೇರೆ ದೇಶದ ಯಹೂದಿಗಳ ಹಕ್ಕಿಗೆ ಧಕ್ಕೆ ಆಗಬಾರದು ಅನ್ನೋ ಮಾತು ಅದರಲ್ಲಿ ಸೇರಿದ್ದು ಇಂಥವರ ಗಲಾಟೆಯಿಂದ. ಪ್ಯಾಲೆಸ್ತೀನಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇದ್ದ ಅರಬ್ಬರಿಗೆ, ಮುಸ್ಲಿಮರು ಕ್ರೈಸ್ತರು ಇಬ್ಬರೂ ಸೇರಿ, ಆ ಕಾಗದದಲ್ಲಿ ಹೆಸರೇ ಇಲ್ಲ, ಯಹೂದಿಗಳಲ್ಲದ ಸಮುದಾಯಗಳು ಅಂತ ಇದೆ ಅಷ್ಟೇ. ಅವರಲ್ಲೊಬ್ಬರು, ಯೆರೂಸಲೇಮಿನ ಮೇಯರ್ ಆಗಿದ್ದ ಯೂಸುಫ್ ದಿಯಾ ಅಲ್ ಖಾಲಿದಿ, 1899ರಲ್ಲೇ ಫ್ರಾನ್ಸಿನ ದೊಡ್ಡ ರಬ್ಬಿಗೆ ಕಾಗದ ಬರೆದಿದ್ರು. ಯಹೂದಿಗಳ ಕಷ್ಟ ನನಗೆ ಅರ್ಥ ಆಗುತ್ತೆ, ಆ ಭೂಮಿ ಜೊತೆ ಅವರಿಗಿರೋ ನಂಟೂ ನಿಜ, ಆದ್ರೆ ಅಲ್ಲಿ ಜನ ಇದ್ದಾರೆ, ದೇವರ ಹೆಸರಲ್ಲಿ ಕೇಳ್ಕೊತೀನಿ ಪ್ಯಾಲೆಸ್ತೀನನ್ನ ಅದರ ಪಾಡಿಗೆ ಬಿಟ್ಟುಬಿಡಿ ಅಂತ. ಆ ಕಾಗದ ಹರ್ಜ್ಲ್ ಕೈ ಸೇರ್ತು, ಅವರು ಮರ್ಯಾದೆಯಿಂದ ಉತ್ತರಾನೂ ಬರೆದ್ರು, ನಾವು ಬಂದ್ರೆ ನಿಮ್ಮ ಜಮೀನಿನ ಬೆಲೆ ಏರುತ್ತೆ ಅಂತ.