ದಿನಕ್ಕೆ ಐದು ನಿಮಿಷ, ಕೈಯಾಡಿಸಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿಟ್ಟುಕೊಂಡು ಕುಳಿತವರು ಯಾರಿರಬಹುದು ಎಂದು ನಾನು ಊಹಿಸಬಲ್ಲೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜಗಲಿಯಲ್ಲಿ ಕುಳಿತು ಅಡಕೆ ಸುಲಿಯುತ್ತಿರುವವರು. ಕೆಳಗೆ ಕಾರವಾರ, ಅಂಕೋಲೆ, ಕುಮಟೆಯ ಕಡೆ ನಾಳೆಯ ಮೀನುಗಾರಿಕೆಗೆಂದು ಬಲೆಯ ಹರಕು ಹೊಲಿಯುತ್ತಿರುವವರು. ರಾತ್ರಿಯ ಅಡಿಗೆಗೆ ಒಲೆ ಹಚ್ಚಿದವರು. ನಿಮ್ಮಲ್ಲಿ ಬಹಳಷ್ಟು ಮಂದಿಯ ಕಾಲಬುಡದಲ್ಲಿ ಈಗ ಒಂದು ನಾಯಿ ಮಲಗಿರುತ್ತದೆ, ಒಲೆಯ ಪಕ್ಕದಲ್ಲಿ ಒಂದು ಬೆಕ್ಕು ಕಣ್ಣು ಮುಚ್ಚಿ ಕುಳಿತಿರುತ್ತದೆ. ಅವುಗಳ ಆರೋಗ್ಯದ ಬಗ್ಗೆ ಪಶುವೈದ್ಯೆಯಾಗಿ ನಾನು ಹೇಳಬೇಕೆಂದಿರುವ ಮಾತು ಒಂದೇ. ದಿನಕ್ಕೆ ಐದು ನಿಮಿಷ ಅದರ ಮೈಮೇಲೆ ತಲೆಯಿಂದ ಬಾಲದವರೆಗೆ ಕೈಯಾಡಿಸಿ ನೋಡಿ.

ಇದು ಮುದ್ದು ಮಾಡುವ ಮಾತಲ್ಲ, ಪರೀಕ್ಷೆಯ ಮಾತು. ಆಸ್ಪತ್ರೆಯಲ್ಲಿ ನಾನು ದಿನವಿಡೀ ಮಾಡುವ ಕೆಲಸದ ಅರ್ಧದಷ್ಟು ಭಾಗ ಇದೇ ಆಗಿದೆ. ಪ್ರಾಣಿ ತನಗೆ ಎಲ್ಲಿ ನೋಯುತ್ತಿದೆಯೆಂದು ಹೇಳುವುದಿಲ್ಲ. ಆದ್ದರಿಂದ ನಾವು ಕೈಯಿಂದ ಹುಡುಕುತ್ತೇವೆ. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಆಟೋದಲ್ಲಿ, ಬೈಕಿನ ಮೇಲೆ, ಗೋಣಿಚೀಲದಲ್ಲಿ ಪ್ರಾಣಿಗಳನ್ನು ತಂದವರು ಕಾದಿರುತ್ತಾರೆ. ಎಷ್ಟು ದಿನದಿಂದ ಹುಷಾರಿಲ್ಲವೆಂದು ಕೇಳಿದರೆ, "ನಿನ್ನೆಯಿಂದ ಊಟ ಬಿಟ್ಟಿದೆ ಡಾಕ್ಟರೇ, ಮೊನ್ನೆಯವರೆಗೂ ಚೆನ್ನಾಗಿಯೇ ಇತ್ತು" ಎಂದು ಉತ್ತರ ಬರುತ್ತದೆ. ನಾನು ಹೊಟ್ಟೆಯ ಕೆಳಗೆ ಕೈ ಹಾಕಿದಾಗ ಮೊಲೆಯ ಸಾಲಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಸಿಗುತ್ತದೆ. ಆ ಗಂಟು ನಿನ್ನೆ ಹುಟ್ಟಿದ್ದಲ್ಲ. ಅದು ಕಡಲೆಕಾಳಿನಷ್ಟಿದ್ದ ದಿನಗಳಲ್ಲಿ ಯಾರಾದರೂ ಒಮ್ಮೆ ಕೈಯಾಡಿಸಿದ್ದರೆ, ಚಿಕ್ಕ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆಯಬಹುದಾಗಿತ್ತು. ಮನೆಯವರು ಪ್ರೀತಿಯಿಲ್ಲದವರಲ್ಲ, ದಿನವೂ ಅನ್ನ ಹಾಕುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ಆದರೆ ಮುಟ್ಟಿ ನೋಡುವುದಿಲ್ಲ.

ಇಲ್ಲಿ ಒಂದು ನಾಯಿಯ ಕಥೆಯನ್ನು ನಾನು ಸಾವಕಾಶವಾಗಿಯೇ ಹೇಳಬೇಕು, ಏಕೆಂದರೆ ಈ ಐದು ನಿಮಿಷದ ಬೆಲೆಯನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಆ ನಾಯಿ ಮತ್ತು ಅದರ ಮನೆಯ ಅಜ್ಜಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಿರಸಿಯ ಹತ್ತಿರದ ಒಂದು ಹಳ್ಳಿಯಿಂದ ಕರೆ ಬಂದಿತ್ತು. ಆಗಸ್ಟ್ ತಿಂಗಳ ಮಳೆ. ತೋಟದ ಅಂಚಿನ ಮನೆ, ಸಂಕ ದಾಟಿ ಹೋಗಬೇಕು. ನಾಯಿಯ ಮೂಗಿನಿಂದ ಎರಡು ದಿನಗಳಿಂದ ರಕ್ತ ಸುರಿಯುತ್ತಿದೆ ಎಂದಿದ್ದರು. ನಾಯಿಯ ಹೆಸರು ಕರಿಯ. ಹೆಸರಿಗೆ ತಕ್ಕಂತೆ ಅಪ್ಪಟ ಕಪ್ಪು, ದಪ್ಪ ಕೂದಲು. ಮನೆಯ ಯಜಮಾನರು ಮೂಗಿನೊಳಗೆ ಉಂಬಳ, ಅಂದರೆ ಜಿಗಣೆ, ಹೊಕ್ಕಿದೆಯೆಂದು ತೀರ್ಮಾನಿಸಿದ್ದರು. ಮಳೆಗಾಲದಲ್ಲಿ ನಮ್ಮ ಕಡೆ ಹಾಗೆ ಯೋಚಿಸುವುದು ತಪ್ಪೇನೂ ಅಲ್ಲ. ಹಳ್ಳದ ನೀರು ಕುಡಿಯುವಾಗ ಉಂಬಳ ಮೂಗು ಸೇರಿದ ನಾಯಿಗಳನ್ನು ನಾನೂ ನೋಡಿದ್ದೇನೆ. ಅವರು ಉಪ್ಪುನೀರು ಬಿಟ್ಟಿದ್ದರು, ಅದಕ್ಕೂ ಬಾರದಿದ್ದಾಗ ಹೊಗೆಸೊಪ್ಪಿನ ನೀರನ್ನೂ ಬಿಟ್ಟಿದ್ದರು. ರಕ್ತ ನಿಂತಿರಲಿಲ್ಲ.

ನಾನು ಬ್ಯಾಟರಿ ಹಿಡಿದು ಮೂಗಿನ ಹೊಳ್ಳೆಗಳನ್ನು ನೋಡಿದೆ, ಉಂಬಳ ಕಾಣಲಿಲ್ಲ. ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣವಿರಬೇಕಾದ ವಸಡು ಸುಣ್ಣ ಬಳಿದ ಗೋಡೆಯಂತೆ ಬಿಳಿಚಿಕೊಂಡಿತ್ತು. ಹೊಟ್ಟೆಯ ತೆಳು ಚರ್ಮದ ಮೇಲೆ ಸಾಸಿವೆಯಷ್ಟು ಚಿಕ್ಕ ಕೆಂಪು ಚುಕ್ಕೆಗಳು. ಆಗ ಕಿವಿಯೊಳಗೆ ಬೆರಳು ಹಾಕಿದೆ. ಹಲಸಿನ ಹಣ್ಣಿನ ಮೈ ಮುಟ್ಟಿದಂತಾಯಿತು. ಕಿವಿಯ ಮಡಿಕೆಯೊಳಗೆ, ಕೊರಳಪಟ್ಟಿಯ ಅಡಿಯಲ್ಲಿ, ಮುಂಗಾಲಿನ ಕಂಕುಳಲ್ಲಿ, ಬೆರಳುಗಳ ಸಂದಿಯಲ್ಲಿ, ಎಲ್ಲೆಲ್ಲೂ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಹರಳುಬೀಜದಂತೆ ಊದಿಕೊಂಡವು ಕೆಲವು, ಎಳ್ಳುಕಾಳಿನಂಥವು ಹಲವು. ಮನೆಯವರು ಬೆಚ್ಚಿಬಿದ್ದರು. ದಿನಕ್ಕೆ ಹತ್ತು ಸಲ ಅವರ ಕಣ್ಣೆದುರು ಓಡಾಡುವ ನಾಯಿಯದು. ಕಪ್ಪು ಕೂದಲಿನ ಕೆಳಗೆ ಕುಳಿತ ಉಣುಗು ಕಣ್ಣಿಗೆ ಕಾಣುವಂಥದ್ದಲ್ಲ, ಕೈಗೆ ಮಾತ್ರ ಸಿಗುವಂಥದ್ದು.

ರಕ್ತವನ್ನು ಪರೀಕ್ಷೆಗೆ ಕಳುಹಿಸಿದೆ. ಆರೋಗ್ಯವಂತ ನಾಯಿಯಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 2 ಲಕ್ಷದಿಂದ 5 ಲಕ್ಷದವರೆಗೆ ಪ್ಲೇಟ್‌ಲೆಟ್ ಕಣಗಳಿರುತ್ತವೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳಿವು. ಕರಿಯನಲ್ಲಿ ಉಳಿದಿದ್ದುದು 18 ಸಾವಿರ. ಅದಕ್ಕೆ ಬಂದಿದ್ದುದು ಎರ್ಲಿಕಿಯಾ ಎಂಬ ಸೂಕ್ಷ್ಮಾಣುವಿನ ರೋಗ, ಅದನ್ನು ಹೊತ್ತು ತಂದದ್ದು ಉಣುಗು. 28 ದಿನಗಳ ಕಾಲ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡಬೇಕೆಂದು ಬರೆದುಕೊಟ್ಟೆ. ಒಂದು ದಿನವೂ ತಪ್ಪಿಸಬಾರದೆಂದೂ, ನಾಯಿ ಚುರುಕಾಯಿತೆಂದು ನಡುವೆ ನಿಲ್ಲಿಸಬಾರದೆಂದೂ ಎರಡೆರಡು ಸಲ ಹೇಳಿದೆ. ನಾಲ್ಕನೆಯ ದಿನ ಕರಿಯ ಎದ್ದು ಗಂಜಿ ಕುಡಿಯಿತು.

ಎರಡು ವಾರಗಳ ನಂತರ ಮತ್ತೆ ಹೋದಾಗ ಜಗಲಿಯಲ್ಲಿ ಅಜ್ಜಿಯೊಬ್ಬರು ಕುಳಿತಿದ್ದರು. ಹುಬ್ಬಳ್ಳಿಯಲ್ಲಿ ಮಗಳ ಬಾಣಂತನ ಮುಗಿಸಿಕೊಂಡು ಮೂರು ತಿಂಗಳ ಮೇಲೆ ಮನೆಗೆ ಮರಳಿದ್ದರು. ಕರಿಯ ಅವರ ಕಾಲ ಬಳಿ ಮಗ್ಗುಲಾಗಿ ಮಲಗಿತ್ತು. ಅವರ ಕೈ ಅದರ ಕಿವಿಯ ಹಿಂದೆ, ಕೊರಳಲ್ಲಿ, ಕಾಲಿನ ಸಂದಿಯಲ್ಲಿ ತನ್ನಷ್ಟಕ್ಕೆ ಹರಿದಾಡುತ್ತಿತ್ತು. ಸಿಕ್ಕ ಉಣುಗನ್ನು ಕಿತ್ತು ಪಕ್ಕದಲ್ಲಿದ್ದ ಕರಟದ ಸೀಮೆಎಣ್ಣೆಗೆ ಹಾಕುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಇದು ಅವರ ನಿತ್ಯದ ಕೆಲಸವಂತೆ. "ಆನು ಇದ್ದಿದ್ರೆ ಹಿಂಗೆ ಆಗ್ತಿತ್ತಿಲ್ಲೆ ತಂಗಿ" ಎಂದರು. ಆ ಮಾತಿನಲ್ಲಿ ಹೆಮ್ಮೆಯಿರಲಿಲ್ಲ, ಸಂಕಟವಿತ್ತು. ಅವರು ಹೇಳಿದ್ದು ನಿಜ. ಅವರು ಊರಿನಲ್ಲಿಲ್ಲದ ಮೂರು ತಿಂಗಳು ಆ ನಾಯಿಯ ಮೇಲೆ ಯಾರೂ ಕೈಯಾಡಿಸಿರಲಿಲ್ಲ.

ಹೇಗೆ ನೋಡಬೇಕೆಂಬುದನ್ನು ಹೇಳುತ್ತೇನೆ. ಊಟವಾದ ಮೇಲೆ ನಾಯಿ ಶಾಂತವಾಗಿರುವಾಗ ನೆಲದ ಮೇಲೆ ಕುಳಿತುಕೊಳ್ಳಿ. ಮೊದಲು ತುಟಿ ಎತ್ತಿ ವಸಡು ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಅನಂತರ ಕಿವಿ, ಒಳಗೆ ನೋಡುವುದಷ್ಟೇ ಅಲ್ಲ, ಮೂಸಿಯೂ ನೋಡಬೇಕು, ಮಳೆಗಾಲದಲ್ಲಿ ಜೋಲುಕಿವಿಯ ನಾಯಿಗಳಲ್ಲಿ ಕೆಟ್ಟ ವಾಸನೆಯೇ ಸೋಂಕಿನ ಮೊದಲ ಸುದ್ದಿ. ಕೊರಳಪಟ್ಟಿಯನ್ನು ಬಿಚ್ಚಿ ಅಡಿಯಲ್ಲಿ ಕೈಯಾಡಿಸಿ. ಕಂಕುಳು, ತೊಡೆಯ ಸಂದು, ಪ್ರತಿಯೊಂದು ಬೆರಳಿನ ನಡುವೆ, ಬಾಲದ ಕೆಳಗೆ ನೋಡಿ. ಹೆಣ್ಣುನಾಯಿಯಾದರೆ ಮೊಲೆಗಳ ಎರಡೂ ಸಾಲನ್ನು ಒಂದೊಂದಾಗಿ ಹಿಚುಕಿ ನೋಡಿ. ಒಂದು ವಾರ ಹೀಗೆ ಮಾಡಿದರೆ ನಿಮ್ಮ ನಾಯಿಯ ಮೈ ನಿಮ್ಮ ಕೈಗೆ ಬಾಯಿಪಾಠವಾಗುತ್ತದೆ. ಎಂಟನೆಯ ದಿನ ಹೊಸದಾಗಿ ಒಂದು ಗಂಟು ಬಂದರೂ ಕೈ ತಾನೇ ನಿಲ್ಲುತ್ತದೆ.

ಉಣುಗು ಸಿಕ್ಕಿದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಉಗುರಿನಲ್ಲಿ ಹೊಸಕಬೇಡಿ, ಅದರೊಳಗಿನ ರಕ್ತ ನಿಮ್ಮ ಕೈಗೆ ತಾಗಬಾರದು. ಸಾಬೂನಿನ ನೀರಿಗೋ ಸ್ಪಿರಿಟ್ಟಿಗೋ ಹಾಕಿ. ಸೀಮೆಎಣ್ಣೆ ಕರಟದಲ್ಲಿರಲಿ, ನಾಯಿಯ ಮೈಮೇಲೆ ಬೇಡ. ನಾಯಿ ಅದನ್ನು ನೆಕ್ಕುತ್ತದೆ, ಚರ್ಮವೂ ಸುಟ್ಟುಹೋಗುತ್ತದೆ. ಇನ್ನೊಂದು ವಿಷಯ: ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ನಾಯಿಯ ಮೈಮೇಲೆ ಮೊಟ್ಟೆಯಿಡುವುದಿಲ್ಲ. ಕೆಳಗೆ ಬಿದ್ದು, ಚಿರೆಕಲ್ಲಿನ ಗೋಡೆಯ ಸಂದಿಗೆ ಹರಿದುಹೋಗಿ, ಅಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮರಿಗಳು ಮೂರು ಹಂತಗಳಲ್ಲಿ ಬೆಳೆಯುತ್ತವೆ, ಪ್ರತಿ ಹಂತದಲ್ಲೂ ನಾಯಿಯನ್ನೇರಿ ರಕ್ತ ಹೀರುತ್ತವೆ. ಒಂದು ಸಲ ಔಷಧಿ ಹಾಕಿ ಸ್ನಾನ ಮಾಡಿಸಿದೆವು, ಆದರೂ ಉಣುಗು ಮತ್ತೆ ಬಂತೆಂದು ದೂರುವವರಿಗೆ ನಾನು ಕೇಳುವುದು ಇಷ್ಟೇ, ನಾಯಿ ಮಲಗುವ ಗೋಣಿಚೀಲವನ್ನು ಬದಲಿಸಿದಿರಾ? ಆ ಮೂಲೆಯ ಗೋಡೆಯ ಬಿರುಕನ್ನು ಮುಚ್ಚಿದಿರಾ?

ಸಿದ್ದಾಪುರ, ಹೊನ್ನಾವರದ ಕಾಡಂಚಿನವರಿಗೆ ಉಣುಗಿನ ಭಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಕಾಡಿನ ಉಣುಗಿನ ಕಡಿತದಿಂದ. ಬೇಸಿಗೆಯ ದಿನಗಳಲ್ಲಿ ದನ ಮೇಯಿಸಲು, ದರಕು ತರಲು ಕಾಡಿಗೆ ಹೋಗಿಬಂದವರು ತಮ್ಮ ಮೈಯನ್ನೂ, ಜೊತೆಗೆ ಹೋದ ನಾಯಿಯ ಮೈಯನ್ನೂ ಮನೆಯೊಳಗೆ ಕಾಲಿಡುವ ಮೊದಲೇ ನೋಡಿಕೊಳ್ಳಬೇಕು. ಐದು ನಿಮಿಷದ ಅದೇ ಕೆಲಸ.

ಕರಾವಳಿಯವರಿಗೆ ಬೇರೆ ತೊಂದರೆಯಿದೆ. ಬೈತಖೋಲ ಬಂದರಿನ ಸುತ್ತ, ಮಾಜಾಳಿಯ ದಂಡೆಯಲ್ಲಿ ತಿರುಗುವ ನಾಯಿಗಳ ತುಟಿಗೆ ಗಾಳ ಚುಚ್ಚಿಕೊಳ್ಳುವುದು ಅಪರೂಪವಲ್ಲ; ಗಾಳಕ್ಕೆ ಹಿಮ್ಮುಳ್ಳು ಇರುವುದರಿಂದ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದರೆ ಮಾಂಸ ಹರಿಯುತ್ತದೆ. ಬಾಯಿಂದಲೋ ಗುದದ್ವಾರದಿಂದಲೋ ನೈಲಾನ್ ದಾರ ಜೋತಾಡುತ್ತಿದ್ದರೆ ಅದನ್ನು ಖಂಡಿತ ಜಗ್ಗಬೇಡಿ. ದಾರ ಕರುಳನ್ನೇ ಕೊಯ್ಯುತ್ತದೆ. ಹಾಗೆಯೇ ಆಸ್ಪತ್ರೆಗೆ ತನ್ನಿ.

ನನಗೆ ಕೊಟ್ಟ ಸಮಯದಲ್ಲಿ ಸ್ವಲ್ಪವೇ ಉಳಿದಿರುವುದರಿಂದ ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಮಳೆಗಾಲದಲ್ಲಿ ಗಾಯಕ್ಕೆ ನೊಣ ಕುಳಿತರೆ ಒಂದೆರಡು ದಿನದಲ್ಲೇ ಹುಳ ಬೀಳುತ್ತದೆ. ಅಲ್ಲಿಗೆ ಪೆಟ್ರೋಲನ್ನೋ ನುಸಿಗುಳಿಗೆಯ ಪುಡಿಯನ್ನೋ ಹಾಕುವುದು ಹಿಂಸೆ, ವಿಷವೂ ಹೌದು. ದನಕ್ಕೆ ಹಚ್ಚುವ ಉಣುಗಿನ ಔಷಧಿಯನ್ನು ಬೆಕ್ಕಿಗೆ ಹಚ್ಚಬೇಡಿ, ಬೆಕ್ಕು ನಡುಗಿ ನಡುಗಿ ಸಾಯುತ್ತದೆ. ಜ್ವರವೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದು ಮಾತ್ರೆ ಸಾಕು ಅದನ್ನು ಕೊಲ್ಲಲು. ನಾಯಿಗೆ ನಿಮ್ಮ ಮೈಕೈನೋವಿನ ಮಾತ್ರೆ ಬೇಡವೇ ಬೇಡ. ಮೈ ಬಿಸಿಯಿದೆಯೆಂದು ಹೆದರಿ ಮಾತ್ರೆ ನುಂಗಿಸುವವರು ತಿಳಿದಿರಬೇಕು, ನಾಯಿಯ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಇಲಿ ಜ್ವರವನ್ನೂ ಸೇರಿಸಿ ತಡೆಯುವ ಸಂಯುಕ್ತ ಲಸಿಕೆಯನ್ನು ಮರಿಗೆ ಆರರಿಂದ ಎಂಟು ವಾರವಾದಾಗ ಆರಂಭಿಸಿ, ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸಿ, ವೈದ್ಯರು ಬರೆದ ತಾರೀಖಿಗೆ ತಪ್ಪದೆ ಮತ್ತೆ ಕರೆತನ್ನಿ.

ಕೈಯಾಡಿಸಿ ಎಂದು ಇಷ್ಟು ಹೊತ್ತು ಹೇಳಿದ ನಾನೇ ಕೈ ಹಾಕಬೇಡಿ ಎಂದು ಹೇಳುವ ಸಂದರ್ಭ ಒಂದಿದೆ. ನಾಯಿಯ ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ, ನೀರು ನುಂಗಲು ಆಗದಿದ್ದರೆ, ಸ್ವಭಾವ ಒಮ್ಮೆಲೇ ಬದಲಾಗಿದ್ದರೆ, ಗಂಟಲಿಗೆ ಮೂಳೆ ಸಿಕ್ಕಿದೆಯೆಂದು ತಿಳಿದು ಬಾಯೊಳಗೆ ಬೆರಳು ಹಾಕಬೇಡಿ. ಅದು ಹುಚ್ಚುನಾಯಿ ರೋಗವಿರಬಹುದು. ಅದನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ ನಮಗೆ ತಿಳಿಸಿ. ಕಚ್ಚಿದ್ದರೆ, ಪರಚಿದ್ದರೆ, ಜೊಲ್ಲು ಗಾಯಕ್ಕೆ ತಾಗಿದ್ದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಅರಿಸಿನ, ಸುಣ್ಣ, ಮೆಣಸಿನ ಪುಡಿ ಯಾವುದನ್ನೂ ಗಾಯಕ್ಕೆ ಹಚ್ಚಬೇಡಿ. ಮನೆಯ ಮರಿಯೇ ಅಲ್ಲವೇ ಎಂದು ಸುಮ್ಮನೆ ಕೂರಬೇಡಿ.

ಉಳಿದ ದಿನಗಳಲ್ಲಿ, ಪ್ರಾಣಿ ಚೆನ್ನಾಗಿರುವಾಗಲೇ, ಇವತ್ತು ರಾತ್ರಿಯಿಂದಲೇ ಆರಂಭಿಸಿ. ಈಗ ಕಾಲಬುಡದಲ್ಲಿ ಮಲಗಿದೆಯಲ್ಲ, ಅದರ ಕಿವಿಯ ಹಿಂದೆ ಕೈ ಹಾಕಿ. ಏನಾದರೂ ಸಿಕ್ಕಿದರೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮನೆಯೊಳಗೆ ಬರೆದಿಡಿ: ಎಡಗಿವಿ, ಎರಡು ಉಣುಗು, ಬಲ ಮಗ್ಗುಲು, ಚಿಕ್ಕ ಗಂಟು. ಆಸ್ಪತ್ರೆಗೆ ಬರುವಾಗ ಆ ಹಾಳೆಯನ್ನೂ ಹರಿದು ತನ್ನಿ. ಎಷ್ಟು ದಿನದಿಂದ ಎಂದು ನಾನು ಕೇಳುತ್ತೇನೆ.

ನಮಸ್ಕಾರ.