ಸೊಪ್ಪು ತಿಂದರೆ ತೂಕ ಇಳಿಯುತ್ತಾ? ಕೊಡಗಿನ ಅಡುಗೆಮನೆಯ ಲೆಕ್ಕ

[ದೃಶ್ಯ: ತೋಟದ ತೋಡಿನ ಬದಿ. ಮಳೆ ಆಗಷ್ಟೇ ಹೊಳವಾಗಿದೆ. ಕೈಯಲ್ಲಿ ಒಂದು ಹಿಡಿ ಹಸಿರು ಚಿಗುರು.]

ನಮಸ್ಕಾರ. ಕೊಡಗಿನಲ್ಲಿ ಈಗ ಕಕ್ಕಡ, ಜೋರು ಮಳೆಯ ತಿಂಗಳು. ನನ್ನ ಕೈಯಲ್ಲಿರುವುದು ತೆರ್ಮೆ ತೊಪ್ಪು. ಕೊಡವ ತಕ್ಕ್‌ನಲ್ಲಿ ಸೊಪ್ಪಿಗೆ ತೊಪ್ಪು ಅನ್ನುತ್ತಾರೆ. ಇದು ಜರಿಗಿಡದ ಎಳೆ ಚಿಗುರು. ತುದಿ ಹೀಗೆ ಸುರುಳಿ ಸುತ್ತಿಕೊಂಡಿರುವಾಗಲೇ ಕೊಯ್ಯಬೇಕು. ಬಿಚ್ಚಿಕೊಂಡರೆ ನಾರು ಜಾಸ್ತಿ ಆಗುತ್ತದೆ.

ಮೊನ್ನೆ ಅಮ್ಮ ಇದನ್ನು ಕೊಯ್ಯುತ್ತಿದ್ದಾಗ ಅತ್ತಿಗೆಯ ಫೋನ್ ಬಂತು. "ತೂಕ ಇಳಿಸೋಕೆ ಯಾವುದೋ ಸೊಪ್ಪಿನ ಪುಡಿ ಬಂದಿದೆಯಂತೆ. ಒಂದು ಡಬ್ಬಿ ತರಿಸಿಕೊಳ್ಳಲಾ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಸುಮ್ನೆ ಬೇಡ ಅಂದುಬಿಡುವುದು ಸರಿಯಲ್ಲ. ಕಾರಣ ಹೇಳಬೇಕು. ಅದಕ್ಕೇ ಈ ವಿಡಿಯೋ.

[ದೃಶ್ಯ: ಮಡಿಕೇರಿಯ ಶುಕ್ರವಾರದ ಸಂತೆ. ಹರಿವೆ, ಪಾಲಕ್, ಬಸಳೆಯ ಕಟ್ಟುಗಳು.]

ಮೊದಲು ಈ 'ಸೂಪರ್‌ಫುಡ್' ಅನ್ನೋ ಪದ. ಅದು ವಿಜ್ಞಾನದ ಪದವಲ್ಲ, ಮಾರಾಟದ ಪದ. ಆದರೂ ಸೊಪ್ಪಿಗೆ ಬಂದಿರುವ ಒಳ್ಳೆಯ ಹೆಸರು ಸುಳ್ಳೂ ಅಲ್ಲ. 2014ರಲ್ಲಿ ಅಮೆರಿಕದ ಸಂಶೋಧಕಿ ಜೆನಿಫರ್ ಡಿ ನೋಯಾ ಹಣ್ಣು ತರಕಾರಿಗಳನ್ನು ಅಳೆದು ಒಂದು ಪಟ್ಟಿ ಮಾಡಿದರು. 17 ಪೋಷಕಾಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಂದು ಕ್ಯಾಲೊರಿಗೆ ಯಾವುದು ಎಷ್ಟು ಕೊಡುತ್ತದೆ ಅಂತ ನೋಡಿದರು. ಮೇಲಿನ ಜಾಗಗಳೆಲ್ಲ ಹೆಚ್ಚುಕಡಿಮೆ ಸೊಪ್ಪಿನವೇ. ಪಾಲಕ್‌ಗೆ ನೂರಕ್ಕೆ 86 ಅಂಕ ಬಂತು.

ಗಮನಿಸಿ, ಅಲ್ಲಿ ಅಳೆದದ್ದು ಪೋಷಣೆಯನ್ನು. ತೂಕವನ್ನಲ್ಲ. ಪೋಷಣೆಯಲ್ಲಿ ಬಂದ ಅಂಕವನ್ನು ತೂಕದ ಖಾತೆಗೆ ಬರೆದುಕೊಂಡದ್ದೇ ಈ ಗೊಂದಲದ ಮೂಲ.

ನೂರು ಗ್ರಾಂ ಪಾಲಕ್ ತೆಗೆದುಕೊಳ್ಳಿ. ಅದರಲ್ಲಿ 91 ಗ್ರಾಂ ನೀರು. ನಾರು ಎರಡು ಗ್ರಾಂ ಚಿಲ್ಲರೆ. ಕ್ಯಾಲೊರಿ ಬರೀ 23. ಅಷ್ಟೇ ತೂಕದ ಅನ್ನದಲ್ಲಿ ಸುಮಾರು 130 ಇದೆ. ಎಲೆಯಲ್ಲಿ ಕೊಬ್ಬು ಕರಗಿಸುವ ಯಾವ ಶಕ್ತಿಯೂ ಇಲ್ಲ. ಇರುವುದು ಒಂದೇ ಗುಣ: ಹೊಟ್ಟೆಯಲ್ಲಿ ಜಾಗ ಹಿಡಿಯುತ್ತದೆ, ಕ್ಯಾಲೊರಿ ಕಡಿಮೆ ತರುತ್ತದೆ. ಆ ಜಾಗದಲ್ಲಿ ಬೇರೆ ಏನನ್ನಾದರೂ ಬಿಟ್ಟರೆ ಮಾತ್ರ ಲಾಭ. ಎಂದಿನಷ್ಟೇ ಅಕ್ಕಿ ಒಟ್ಟಿ (ಅಂದರೆ ಅಕ್ಕಿ ರೊಟ್ಟಿ), ಎಂದಿನಷ್ಟೇ ಪಂದಿ ಕರಿ ತಿಂದು, ಅದರ ಮೇಲೆ ಒಂದು ಬಟ್ಟಲು ಸೊಪ್ಪಿನ ಪಲ್ಯವನ್ನೂ ತಿಂದರೆ ತೂಕ ಯಾಕೆ ಇಳಿಯಬೇಕು ಹೇಳಿ?

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯ ಬಾರ್ಬರಾ ರೋಲ್ಸ್ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಇಷ್ಟ. 42 ಮಹಿಳೆಯರಿಗೆ ಮಧ್ಯಾಹ್ನದ ಊಟಕ್ಕೆ ಮೊದಲು ಸಲಾಡ್ ಕೊಟ್ಟರು. ಆಮೇಲೆ ಪಾಸ್ತಾ, ಬೇಕಾದಷ್ಟು. ಕಡಿಮೆ ಕ್ಯಾಲೊರಿಯ ದೊಡ್ಡ ಸಲಾಡ್ ತಿಂದ ದಿನ ಇಡೀ ಊಟದ ಕ್ಯಾಲೊರಿ ಶೇ. 12ರಷ್ಟು ಕಡಿಮೆ ಆಯಿತು. ಯಾರೂ ಬಲವಂತ ಮಾಡಿರಲಿಲ್ಲ. ಪಾಸ್ತಾ ತಾನಾಗಿಯೇ ಕಡಿಮೆ ಹೋಯಿತು. ಆದರೆ ಅದೇ ದೊಡ್ಡ ಸಲಾಡ್‌ಗೆ ಚೀಸ್, ಕೊಬ್ಬಿನ ಡ್ರೆಸ್ಸಿಂಗ್ ಸೇರಿಸಿ ಕೊಟ್ಟ ದಿನ? ಊಟದ ಕ್ಯಾಲೊರಿ ಶೇ. 17ರಷ್ಟು ಜಾಸ್ತಿ ಆಯಿತು!

ಅಂದರೆ ಎಲೆಯ ಮೇಲೆ ಏನು ಬೀಳುತ್ತದೆ ಅನ್ನುವುದೇ ಮುಖ್ಯ. ನಮ್ಮಲ್ಲಿ ಚೀಸ್ ಇಲ್ಲ. ಎಣ್ಣೆ ಇದೆ, ತೆಂಗಿನಕಾಯಿ ಇದೆ.

[ದೃಶ್ಯ: ಒಲೆಯ ಮೇಲೆ ಬಾಣಲೆ. ಪಕ್ಕದಲ್ಲಿ ತಕ್ಕಡಿ.]

ಬನ್ನಿ, ತೂಕ ಮಾಡೋಣ. ನಾಲ್ಕು ಜನರಿಗೆ ಎರಡು ಕಟ್ಟು ಸೊಪ್ಪು, ಬಿಡಿಸಿದ ಮೇಲೆ 400 ಗ್ರಾಂ. ಇದರಲ್ಲಿ ಸುಮಾರು 92 ಕ್ಯಾಲೊರಿ. ಈಗ ಒಗ್ಗರಣೆ. ಕೈ ಅಂದಾಜಿನಲ್ಲಿ ಸುರಿದರೆ ಮೂರು ದೊಡ್ಡ ಚಮಚ ಎಣ್ಣೆ ಸುಲಭವಾಗಿ ಬೀಳುತ್ತದೆ. ಒಂದು ದೊಡ್ಡ ಚಮಚಕ್ಕೆ 120 ಅಂತ ಹಿಡಿದರೆ 360 ಕ್ಯಾಲೊರಿ. ಕೊನೆಗೆ ಒಂದು ಹಿಡಿ ಕಾಯಿತುರಿ, 40 ಗ್ರಾಂ. ಅದು 140. ಒಟ್ಟು 592. ಇದರಲ್ಲಿ ಸೊಪ್ಪಿನ ಪಾಲು ಆರನೇ ಒಂದು ಭಾಗವೂ ಇಲ್ಲ! ನಾವು ಸೊಪ್ಪು ತಿಂದೆವು ಅಂದುಕೊಳ್ಳುತ್ತೇವೆ. ಲೆಕ್ಕದಲ್ಲಿ ತಿಂದದ್ದು ಎಣ್ಣೆ.

ಅದೇ ಪಲ್ಯಕ್ಕೆ ಎರಡು ಸಣ್ಣ ಚಮಚ ಎಣ್ಣೆ, 15 ಗ್ರಾಂ ತುರಿ ಹಾಕಿ. ಒಟ್ಟು 225 ಆಸುಪಾಸು. ಒಬ್ಬರಿಗೆ 60 ಕೂಡ ಆಗುವುದಿಲ್ಲ. ಜೀರಿಗೆ, ಬೆಳ್ಳುಳ್ಳಿ, ಸೂಜಿ ಮೆಣಸು ಹಾಕಿದರೆ ರುಚಿಗೆ ಏನೂ ಕೊರತೆ ಇಲ್ಲ. ಎಣ್ಣೆಯನ್ನು ಪೂರ್ತಿ ಬಿಡಬೇಡಿ. ಸೊಪ್ಪಿನಲ್ಲಿರುವ ಬೀಟಾ ಕ್ಯಾರೋಟಿನ್ ಮತ್ತು ಕೆ ವಿಟಮಿನ್ ಮೈಗೆ ಹತ್ತಬೇಕಾದರೆ ಸ್ವಲ್ಪ ಕೊಬ್ಬು ಬೇಕು. ಮೇಲೊಂದಿಷ್ಟು ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ಸೇರುವುದಕ್ಕೂ ಅನುಕೂಲ.

ಹಾಗಾದರೆ ವರ್ಷಗಟ್ಟಲೆ ಸೊಪ್ಪು ತಿಂದರೆ ಎಷ್ಟು ಇಳಿಯುತ್ತದೆ? ಹಾರ್ವರ್ಡ್‌ನವರು 2015ರಲ್ಲಿ 1.33 ಲಕ್ಷ ಅಮೆರಿಕನ್ನರ 24 ವರ್ಷಗಳ ಮಾಹಿತಿ ನೋಡಿ ಲೆಕ್ಕ ಕೊಟ್ಟರು. ಸೊಪ್ಪನ್ನು ದಿನಕ್ಕೆ ಒಂದು ಪಾಲು ಹೆಚ್ಚಿಸಿದವರಲ್ಲಿ ನಾಲ್ಕು ವರ್ಷಕ್ಕೆ ಸರಾಸರಿ ಕಾಲು ಕೆಜಿಯಷ್ಟು ವ್ಯತ್ಯಾಸ. ಹೌದು, ನಾಲ್ಕು ವರ್ಷಕ್ಕೆ ಕಾಲು ಕೆಜಿ. ಅದೂ ಸೊಪ್ಪಿನಿಂದಲೇ ಆಯಿತು ಅಂತ ಇಂಥ ಅಧ್ಯಯನ ಖಚಿತವಾಗಿ ಹೇಳಲಾರದು. 'ಹತ್ತು ದಿನಕ್ಕೆ ಐದು ಕೆಜಿ' ಅನ್ನುವ ವಿಡಿಯೋ ನೋಡುವಾಗ ಈ ಅಂಕಿ ನೆನಪಿರಲಿ.

ಪುಡಿಗೆ ಬರೋಣ. ಸ್ವೀಡನ್ನಿನಲ್ಲಿ ಪಾಲಕ್‌ನಿಂದ ತೆಗೆದ ಥೈಲಕಾಯ್ಡ್ ಎಂಬ ಸಾರವನ್ನು 38 ಮಹಿಳೆಯರ ಮೇಲೆ ಪರೀಕ್ಷಿಸಿದ್ದರು. ಹನ್ನೆರಡು ವಾರದಲ್ಲಿ ಆ ಸಾರ ಕುಡಿದವರು ಐದು ಕೆಜಿ ಇಳಿದರು, ಕುಡಿಯದವರು ಮೂರೂವರೆ. ಸಣ್ಣ ಅಧ್ಯಯನ, ಪ್ರಯೋಗಾಲಯದಲ್ಲಿ ತಯಾರಿಸಿದ ಸಾರ. ಒಣಗಿಸಿ ಪುಡಿ ಮಾಡಿದ ಸೊಪ್ಪು ಅದೇ ಕೆಲಸ ಮಾಡುತ್ತದೆ ಅಂತ ಇದರಿಂದ ಹೇಳಲು ಬರುವುದಿಲ್ಲ. ಇನ್ನು ಪುಡಿಯಲ್ಲಿ ಸೊಪ್ಪಿನ ನೀರು ಇಲ್ಲ, ಗಾತ್ರ ಇಲ್ಲ, ಜಗಿಯುವ ಕೆಲಸ ಇಲ್ಲ. ಹೊಟ್ಟೆ ತುಂಬಿಸಿದ್ದು ಅವೇ ಅಲ್ವಾ? ಸೋಸಿದ ಹಸಿರು ಜ್ಯೂಸ್‌ನದೂ ಇದೇ ಕಥೆ. ನಾರು ಜರಡಿಯಲ್ಲೇ ಉಳಿಯುತ್ತದೆ.

[ದೃಶ್ಯ: ಕಪ್ಪಗೆ, ಮಂದವಾದ ಕಾಚಂಪುಳಿಯ ಬಾಟಲಿ.]

ಡಬ್ಬಿಯ ಮಾತು ಬಂದಾಗ ಕೊಡಗಿನವರಾಗಿ ನಾವು ಇದನ್ನು ನೆನಪಿಸಿಕೊಳ್ಳಲೇಬೇಕು. ಕಾಚಂಪುಳಿ. ಪಂದಿ ಕರಿಗೆ ಇದಿಲ್ಲದೆ ಆಗುವುದಿಲ್ಲ. ಒಂದು ಹುಳಿ ಹಣ್ಣಿನ ರಸ ಇಳಿಸಿ, ಕುದಿಸಿ ಕುದಿಸಿ ಕಪ್ಪಾಗಿಸಿದ್ದು. ಇದೇ ಹಣ್ಣು 'ಗಾರ್ಸೀನಿಯಾ ಕಾಂಬೋಜಿಯಾ' ಎಂಬ ಹೆಸರಿನಲ್ಲಿ ಕ್ಯಾಪ್ಸೂಲ್ ಆಗಿ, ತೂಕ ಇಳಿಸುವ ಔಷಧಿ ಅಂತ ಪ್ರಪಂಚವೆಲ್ಲ ಮಾರಾಟವಾಯಿತು. 1998ರಲ್ಲಿ 135 ಜನರ ಮೇಲೆ ಹನ್ನೆರಡು ವಾರ ಪರೀಕ್ಷೆ ನಡೆಯಿತು. ಎಲ್ಲರಿಗೂ ಒಂದೇ ಪಥ್ಯ. ಕ್ಯಾಪ್ಸೂಲ್ ತಿಂದವರು ಸರಾಸರಿ 3.2 ಕೆಜಿ ಇಳಿದರು. ಔಷಧಿ ಇಲ್ಲದ ಖಾಲಿ ಕ್ಯಾಪ್ಸೂಲ್ ತಿಂದವರು 4.1 ಕೆಜಿ! ಕೆಲಸ ಮಾಡಿದ್ದು ಪಥ್ಯ. ಮುಂದೆ ಇಂಥ ಮಾತ್ರೆ ತಿಂದ ಕೆಲವರ ಲಿವರ್‌ಗೆ ಪೆಟ್ಟಾದ ವರದಿಗಳೂ ಬಂದವು. ನಮ್ಮ ಅಜ್ಜಿಯಂದಿರು ಕಾಚಂಪುಳಿಯನ್ನು ಚಮಚದಲ್ಲಿ ಅಳೆದು ಸಾರಿಗೆ ಹಾಕಿದರು. ಅದರ ಜಾಗ ಅಲ್ಲೇ.

[ದೃಶ್ಯ: ಕೆಸದ ಎಲೆ, ಕಾಕೆ ತೊಪ್ಪು, ಮದ್ದು ಸೊಪ್ಪು ಒಟ್ಟಿಗೆ.]

ಕಕ್ಕಡದಲ್ಲಿ ನಮ್ಮ ಸುತ್ತ ಎಷ್ಟು ಸೊಪ್ಪಿದೆ ನೋಡಿ. ತೆರ್ಮೆ, ಕೆಸ, ಮರಕೆಸ, ಕಾಕೆ. ಕಕ್ಕಡದ ಹದಿನೆಂಟನೇ ದಿನ, ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ. ಅದರಲ್ಲಿ ಬೆಲ್ಲ, ಕಾಯಿಹಾಲು ಎಲ್ಲ ಇದೆ. ವರ್ಷಕ್ಕೊಮ್ಮೆ ಬರುವ ಆ ಪಾಯಸಕ್ಕೆ ನಾನಂತೂ ಕ್ಯಾಲೊರಿ ಲೆಕ್ಕ ಹಾಕುವುದಿಲ್ಲ. ನೀವೂ ಹಾಕಬೇಡಿ.

ತೆರ್ಮೆಯನ್ನು ಹಸಿಯಾಗಿ ತಿನ್ನಬಾರದು, ಚೆನ್ನಾಗಿ ಬೇಯಿಸಿ. ಕಳೆನಾಶಕ ಹೊಡೆದ ತೋಟದಲ್ಲಿ ಯಾವ ಸೊಪ್ಪನ್ನೂ ಕೊಯ್ಯಬೇಡಿ. ಕೆಸ ಗಂಟಲು ತುರಿಸುವುದು ಅದರ ಆಕ್ಸಲೇಟ್ ಹರಳಿನಿಂದ. ಅದಕ್ಕೇ ಹುಳಿ ಹಾಕಿ ಚೆನ್ನಾಗಿ ಬೇಯಿಸುವ ರೂಢಿ. ಪಾಲಕ್‌ನಲ್ಲೂ ಆಕ್ಸಲೇಟ್ ಜಾಸ್ತಿ. ಕಿಡ್ನಿಯಲ್ಲಿ ಕಲ್ಲು ಬಂದವರು ದಿನಾ ಪಾಲಕ್ ಜ್ಯೂಸ್ ಕುಡಿಯುವುದು ಅಪಾಯ.

ಇನ್ನೊಂದು ಮಾತು, ಇದು ಮನೆಯ ಹಿರಿಯರಿಗಾಗಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ಇದ್ದಕ್ಕಿದ್ದಂತೆ ಬಿಡಲೂಬಾರದು. ಸೊಪ್ಪಿನ ಕೆ ವಿಟಮಿನ್ ಆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ದಿನಾ ಒಂದೇ ಪ್ರಮಾಣ ಇರಲಿ, ಡಾಕ್ಟರಿಗೆ ತಿಳಿಸಿ.

ಅತ್ತಿಗೆಗೆ ನಾನು ಹೇಳಿದ್ದು ಇಷ್ಟು. ಡಬ್ಬಿ ಬೇಡ. ರಾತ್ರಿ ಊಟಕ್ಕೆ ಪಲ್ಯವನ್ನು ಮೊದಲು ಬಡಿಸಿಕೊಳ್ಳಿ, ಅದನ್ನು ಅರ್ಧ ತಿಂದ ಮೇಲೆ ಒಟ್ಟಿ ತೆಗೆದುಕೊಳ್ಳಿ. ಮೂರು ಒಟ್ಟಿ ತಿನ್ನುವಲ್ಲಿ ಎರಡಕ್ಕೆ ಹೊಟ್ಟೆ ತುಂಬುತ್ತದಾ ನೋಡಿ. ಜೊತೆಗೆ ಬೇಳೆಯೋ ಮೊಟ್ಟೆಯೋ ಮೀನೋ ಇರಲಿ, ಸೊಪ್ಪಿನಲ್ಲಿ ಪ್ರೋಟೀನ್ ಕಡಿಮೆ. ಎಣ್ಣೆಯನ್ನು ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಹಾಕಿ.

[ದೃಶ್ಯ: ಅಮ್ಮ ಬಾಳೆ ಎಲೆಯ ಮೇಲೆ ತೆರ್ಮೆ ಪಲ್ಯ ಬಡಿಸುತ್ತಿದ್ದಾರೆ.]

ಅತ್ತಿಗೆ ಶನಿವಾರ ಮನೆಗೆ ಬರುತ್ತಿದ್ದಾರೆ. ಅಮ್ಮ ಆಗಲೇ ತೋಡಿನ ಕಡೆ ಹೊರಟಿದ್ದಾರೆ.